ಮಾಳಿಗೆಯ ಮೇಲೆ ಎರಡು ಏಟು

ಪೇಟೆಯ ಅಂಗಡಿಗಳಿಗೆಲ್ಲ ಡೀಸೆಲ್ ಜನರೇಟರಿನಿಂದ ಕರೆಂಟು ಕೊಡುತ್ತಿದ್ದವನು ದ್ಯಾಮಣ್ಣ. ಬಟ್ಟೆ ಅಂಗಡಿಯ ಪಾರಿಸಪ್ಪ ತನ್ನ ಮಾಳಿಗೆಯ ಮೇಲೆ ಸೋಲಾರ್ ಹಾಕಿಸಿದ ನಂತರ ಉಳಿದ ಅಂಗಡಿಯವರೂ ಒಬ್ಬೊಬ್ಬರಾಗಿ ಅದೇ ದಾರಿ ಹಿಡಿದರು. ಒಂದು ಮಧ್ಯಾಹ್ನ ದ್ಯಾಮಣ್ಣ ಕಬ್ಬಿಣದ ಸಲಾಕೆ ಹಿಡಿದು ಆ ಮಾಳಿಗೆ ಹತ್ತಿದ.

ಮೂರು ಫಲಕಗಳು ಪುಡಿಯಾಗುವಷ್ಟರಲ್ಲಿ ಪಾರಿಸಪ್ಪ ಓಡಿ ಬಂದ.

"ನನ್ನ ಹೊಟ್ಟಿ ಮ್ಯಾಲೆ ಯಾಕ ಹೊಡದಿ?" ಎಂದು ದ್ಯಾಮಣ್ಣ ಗುಡುಗಿದ.

"ದಿನಾ ನಿನ್ನ ಡೀಸೆಲ್ ಹೊಗಿ ಕುಡದು ಊರಿಗೇ ಸಾಕಾಗೇತಿ, ದ್ಯಾಮಣ್ಣ. ಸಲಾಕಿ ಕೆಳಗಿಡು."

"ಅಡ್ಡ ಬಂದ್ರ ನಿನ್ನ ತಲೀನೂ ಒಡೀತೀನಿ!"

ಬೀಸಿದ ಸಲಾಕೆ ಪಾರಿಸಪ್ಪನ ಹಣೆಗೆ ತಾಗಿ ರಕ್ತ ಇಳಿಯಿತು. ಅಷ್ಟಕ್ಕೂ ಸಿಟ್ಟು ತಣಿಯದೆ ದ್ಯಾಮಣ್ಣ ಸಲಾಕೆ ಬಿಸಾಕಿ, ಫಲಕಗಳ ತಂತಿ ಕೀಳಲು ಬಾಗಿದ.

ಗಂಡನನ್ನು ತಡೆಯಲೆಂದು ದ್ಯಾಮಣ್ಣನ ಹೆಂಡತಿ ನೀಲವ್ವ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಾಗ, ಪಾರಿಸಪ್ಪ ಬಿದಿರಿನ ಗಳ ಎತ್ತಿ ದ್ಯಾಮಣ್ಣನ ತೋಳಿಗೆ ಬಾರಿಸಿದ್ದನ್ನು ಕಂಡಳು. ಮತ್ತೊಮ್ಮೆ ಬಾರಿಸಿದ. ಮೂಳೆ ಮುರಿದ ಸದ್ದು ಅವಳಿಗೂ ಕೇಳಿತು. ದ್ಯಾಮಣ್ಣ ಉರುಳಿ ಬಿದ್ದ.

ಆಸ್ಪತ್ರೆಗೆ ಬಂದ ಪೊಲೀಸನ ಮುಂದೆ ನೀಲವ್ವ ಪಾರಿಸಪ್ಪನತ್ತ ಬೆರಳು ಮಾಡಿದಳು.

"ಇವನs ನೋಡ್ರಿ. ಬರಿಗೈಯಾಗಿದ್ದವನ್ನ ಹಿಂದಿನಿಂದ ಬಂದು ಹೊಡದಾನ. ಒಳಗ ಹಾಕ್ರಿ ಇವನ್ನ!"

"ಹೊಡದದ್ದು ಖರೆ ರೀ," ಎಂದ ಪಾರಿಸಪ್ಪ. ಮುಂದೆ ಹೇಳಲು ನೀಲವ್ವನ ಕೂಗಾಟ ಬಿಡಲಿಲ್ಲ.

ಹಾಸಿಗೆಯ ಮೇಲಿದ್ದ ದ್ಯಾಮಣ್ಣ ಕಷ್ಟಪಟ್ಟು ಬಾಯಿ ತೆರೆದ.

"ಸುಮ್ನಿರs, ನೀಲಾ. ಕರೆಂಟು ನನ್ನ ಕೈ ಹಿಡಕೊಂಡಿತ್ತು. ಅವ್ರು ಹೊಡದು ಬಿಡಿಸ್ಯಾರ."