ಬಿರುಗಾಳಿಯ ಮುಂದಿನ ಸಾಲು

“ನದಿಯ ನಡುವೆ...” ಎಂದು ಓದಿ ಹುಡುಗಿ ನಿಂತುಬಿಟ್ಟಳು. ಮುಂದಿನ ಪದ ‘ಬಿರುಗಾಳಿ’. ಎಡಗೈಯಲ್ಲಿ ಪುಸ್ತಕ, ಬಲಗೈಯಲ್ಲಿ ಅಂಗಿಯ ಕಾಲರಿನೊಳಗೆ ಇಡುವ ರಟ್ಟು. ಬಟ್ಟೆ ಹೊಲಿಯುವ ಅಮ್ಮ ಆ ರಟ್ಟಿನಲ್ಲಿ ಒಂದೇ ಸಾಲು ಕಾಣುವಷ್ಟು ಕಿಂಡಿ ಕತ್ತರಿಸಿ ಕೊಟ್ಟಿದ್ದಳು. ಪುಟದ ತುಂಬ ಅಕ್ಷರ ಕಂಡರೆ ಮಗಳಿಗೆ ಎಲ್ಲ ಕಲಸುಮೇಲೋಗರ. ಒಂದೇ ಸಾಲು ಕಂಡರೆ, ನಿಧಾನವಾಗಿಯಾದರೂ ಸರಿ, ಓದುತ್ತಾಳೆ.

ಮುಂದೆ ತರಗತಿಯ ಮಕ್ಕಳು, ಹಿಂದಿನ ಬೆಂಚುಗಳಲ್ಲಿ ಅವರವರ ತಂದೆತಾಯಿ. ಇಲ್ಲಿಯವರೆಗೆ ಯಾರೂ ನಕ್ಕಿರಲಿಲ್ಲ. ಉಳಿದದ್ದು ಈ ಬಿರುಗಾಳಿ, ಆಮೇಲೆ ದೋಣಿ ದಡ ಸೇರುವ ಒಂದು ಸಾಲು.

ಗೋಡೆಗೊರಗಿ ನಿಂತಿದ್ದ ಅಮ್ಮನಿಗೆ ಗೊತ್ತು, ಮಗಳು ನಿಂತದ್ದು ಸೋತು ಅಲ್ಲ. ತುಟಿಯೊಳಗೇ ಅಕ್ಷರಗಳನ್ನು ಕೂಡಿಸಿಕೊಳ್ಳುತ್ತಾಳೆ. ಸೂಜಿಗೆ ದಾರ ಪೋಣಿಸುವಷ್ಟು ಹೊತ್ತು ಕೊಟ್ಟರೆ ಸಾಕು. ಆದರೂ ಅಮ್ಮನ ಕಣ್ಣು ಮಕ್ಕಳ ಮುಖಗಳತ್ತ ಹೋಯಿತು. ಕಳೆದ ವರ್ಷ ಹೀಗೇ ನಿಂತಾಗ ಇಡೀ ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಅಂದಿನಿಂದ ಮಗು ತನ್ನನ್ನು ತಾನೇ ‘ದಡ್ಡಿ’ ಎಂದು ಕರೆದುಕೊಳ್ಳುತ್ತಿತ್ತು, ಅದೂ ಹುಟ್ಟಿದಾಗಲೇ ಇಟ್ಟ ಹೆಸರು ಎಂಬಷ್ಟು ಸಲೀಸಾಗಿ. ಇದೊಂದು ಪುಟ ಪೂರ್ತಿ ಓದಿಬಿಟ್ಟರೆ ಆ ಹೆಸರು ಹೋದೀತೆಂದು ತಾಯಿ ಮಗಳು ಹೊಲಿಗೆ ಯಂತ್ರದ ಪಕ್ಕ ಕೂತು ತಿಂಗಳುಗಟ್ಟಲೆ ತಿಣುಕಿದ್ದರು. ಇವತ್ತು ಹೊರಡುವಾಗಲೂ ಹುಡುಗಿ ಅಂದಿದ್ದಳು, “ನೋಡ್ತಿರಮ್ಮ, ಈ ದಡ್ಡಿ ಹೇಗೆ ದೋಣೀನ ದಡ ಮುಟ್ಟಿಸ್ತಾಳೆ ಅಂತ!”

ಅಮ್ಮನಿಗೆ ಮಾತ್ರ ಅಷ್ಟು ಧೈರ್ಯವಿರಲಿಲ್ಲ. ನಿನ್ನೆಯೇ ಶಾಲೆಗೆ ಬಂದು ಮೇಡಂ ಹತ್ತಿರ ಅಂಗಲಾಚಿದ್ದಳು. “ಎಲ್ಲಾದ್ರೂ ತಡವರಿಸಿದ್ರೆ, ದಮ್ಮಯ್ಯ, ಮಕ್ಳು ನಗದ ಹಾಗೆ ನೋಡ್ಕೊಳ್ಳಿ ಮೇಡಂ. ಬೇಕಾದ್ರೆ ಒಂದು ಚಪ್ಪಾಳೆ ಹೊಡೆಸಿಬಿಡಿ.”

“ಅಯ್ಯೋ, ಅಷ್ಟೇ ತಾನೆ? ನಾನಿದೀನಿ ಬಿಡಿ,” ಅಂದಿದ್ದರು ಮೇಡಂ. ಪಾಪ, ಒಳ್ಳೆಯವರು. ಕೊಟ್ಟ ಮಾತು ಉಳಿಸಿಕೊಳ್ಳುವವರು.

ಉಳಿಸಿಕೊಂಡರು ಕೂಡ. ಹುಡುಗಿಯ ತುಟಿ ‘ಬಿ’ ಎಂದು ಅಲುಗುವಷ್ಟರಲ್ಲಿ ಮಕ್ಕಳತ್ತ ಕಣ್ಸನ್ನೆ ಮಾಡಿದರು. ಶುರುವಾಯಿತು ನೋಡಿ! ಚಪ್ಪಾಳೆ ತಟ್ಟುವವರು, ಬೆಂಚು ಗುದ್ದುವವರು, ಸಂದು ಸಿಕ್ಕಿತೆಂದು ಶಿಳ್ಳೆ ಹಾಕುವವರು. ಹಿಂದೆ ಕೂತ ದೊಡ್ಡವರೂ ಸೇರಿಕೊಂಡರು. ಹುಡುಗಿ ತಲೆಯೆತ್ತಿದಳು. ಆ ಗದ್ದಲದಲ್ಲೂ ಅವಳ ಬಾಯಿ ಆಡುತ್ತಲೇ ಇರುವುದು ಅಮ್ಮನಿಗೆ ಕಂಡಿತು. ಓದ್ತಿದಾಳೆ, ನನ್ನ ಬಂಗಾರ, ನಿಲ್ಲಿಸದೆ ಓದ್ತಿದಾಳೆ! ಕಣ್ಣು ತುಂಬಿ ಬಂತು. ಸೆರಗಿನಲ್ಲಿ ಒರೆಸಿಕೊಂಡು, ಎಲ್ಲರಿಗಿಂತ ಜೋರಾಗಿ ತಟ್ಟಿದಳು.

“ಶಭಾಷ್! ಎಷ್ಟು ಚೆನ್ನಾಗಿ ಓದಿದೆ!” ಮೇಡಂ ಪುಸ್ತಕ ತೆಗೆದುಕೊಂಡು, ಬೆನ್ನು ತಟ್ಟಿ, ಮುಂದಿನವರನ್ನು ಕರೆದರು.

ಗೇಟು ದಾಟುವಷ್ಟರಲ್ಲಿ ಹುಡುಗಿ ಕೈಯಲ್ಲಿದ್ದ ರಟ್ಟನ್ನು ಮಡಚಿ ಮಡಚಿ ಮುದ್ದೆ ಮಾಡಿದ್ದಳು.

“ಅಮ್ಮಾ, ಎಲ್ರೂ ಚಪ್ಪಾಳೆ ತಟ್ಟುವಾಗ ನಾನಂದಿದ್ದು ನಿಂಗೆ ಕೇಳಿಸ್ತಾ?”

“ಕೇಳಿಸ್ದೆ ಏನು! ‘ದೋಣಿ ದಡ ಸೇರಿತು.’ ಪಟಪಟ ಓದಿಬಿಟ್ಯಲ್ಲೇ ಬಂಗಾರಿ!”

“ನಾನು ಹಾಗನ್ಲಿಲ್ಲ.”

“ಮತ್ತೆ?”

“‘ತಡೀರಿ, ನಂಗೆ ಬರುತ್ತೆ’ ಅಂದೆ. ಅದನ್ನೇ ಅಂತಾ ಇದ್ದೆ. ನಿನ್ನನ್ನೇ ನೋಡ್ತಾ ಅಂದೆ,” ಎಂದಳು ಹುಡುಗಿ. “ನೀನೂ ತಟ್ತಾನೇ ಇದ್ದೆ.”