ಒದ್ದೆ ಹತ್ತಿ

ವಾರಿಜಮ್ಮ ಹತ್ತಿಯನ್ನು ತಣ್ಣೀರಿನಲ್ಲಿ ಅದ್ದಿ, ಹಿಂಡಿ, ಗಂಡನ ಮುಚ್ಚಿದ ರೆಪ್ಪೆಗಳ ಮೇಲಿಟ್ಟರು. ಬೆಳಗಾದರೆ ಅವರ ಕಣ್ಣು ಊದಿಕೊಳ್ಳುತ್ತಿತ್ತು; ಈ ಆರೈಕೆ ಆಕೆಯ ಕೈಗೆ ರೂಢಿಯಾಗಿತ್ತು.

"ರಾತ್ರಿ ಉಪ್ಪಿನಕಾಯಿ ಬೇಡ ಅಂದ್ರೆ ಕೇಳಲ್ಲ. ದಿಂಬಿಲ್ಲದೆ ಅಂಗಾತ ಮಲಗ್ತಾರೆ. ಊದದೆ ಇನ್ನೇನಾಗುತ್ತೆ?" ಎಂದರು. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಬೇಸರವೂ ಇರಲಿಲ್ಲ.

ಸೊಸೆ ಮಾವನ ತಲೆಯನ್ನು ಮೆಲ್ಲಗೆ ಎತ್ತಿ ಎರಡು ದಿಂಬು ಇಟ್ಟಳು. "ಇಷ್ಟು ಸಾಕಾ ಅತ್ತೆ?"

"ಸಾಕು. ತಲೆ ಎತ್ತರಕ್ಕಿದ್ರೆ ಊತ ಇಳಿಯುತ್ತೆ. ಕಣ್ಣು ಉಜ್ಜಬಾರದು, ಹೀಗೆ ಸುಮ್ನೆ ಇಟ್ಟಿರಬೇಕು."

ದಿನವೂ ಬೇಗ ಬೆಚ್ಚಗಾಗುತ್ತಿದ್ದ ಹತ್ತಿ ಇವತ್ತು ತಣ್ಣಗೇ ಇತ್ತು.

ಸೊಸೆ ಎದ್ದು ಫ್ಯಾನ್ ಆರಿಸಿದಳು.

"ಅಯ್ಯೋ, ಹಾಕೇ ಅದನ್ನ. ಅವ್ರು ಸೆಕೆ ತಡ್ಕೊಳಲ್ಲ."

"ಗಾಳಿಗೆ ಕಣ್ಣು ಒಣಗುತ್ತಂತೆ ಅತ್ತೆ. ಫೋನಲ್ಲಿ ಹೇಳಿದ್ರು."

"ಯಾರು?"

ಹೊರಗೆ ಕಾರು ನಿಂತ ಸದ್ದಾಯಿತು. ಸೊಸೆ ಅತ್ತೆಯ ಕೈಯಿಂದ ನೀರಿನ ಬಟ್ಟಲನ್ನು ತೆಗೆದುಕೊಂಡಳು.

"ನೇತ್ರದಾನದವರು. ಮಾವನ ಕಣ್ಣು ತಗೊಂಡು ಹೋಗೋಕೆ ಬಂದಿದಾರೆ."