ನನ್ನ ಬ್ಯಾಕ್ಟೀರಿಯಾಗಳ ಪ್ರತಾಪ

ನನ್ನ ತೊಟ್ಟಿಯ ಬ್ಯಾಕ್ಟೀರಿಯಾಗಳು ಮನಸ್ಸು ಮಾಡಿದರೆ ಕಾವೇರಿಯನ್ನೇ ತೊಳೆದು ಒಣಹಾಕಬಲ್ಲವು. ಕೊಳಚೆ ನೀರನ್ನು ಶುದ್ಧ ಮಾಡುವ ನನ್ನ ಪಿಎಚ್‌.ಡಿ.ಗೆ ಮೂರನೇ ವರ್ಷವೂ ಫೆಲೋಶಿಪ್ ಕೊಡಬೇಕೋ ನಿಲ್ಲಿಸಬೇಕೋ ಎಂದು ನೋಡಲು ಬಂದಿದ್ದ ಮೇಡಂಗೂ ಇದನ್ನೇ ಹೇಳಿ, ತೊಟ್ಟಿಯಿಂದ ಒಂದು ಲೋಟ ನೀರು ಹಿಡಿದು ತೋರಿಸಿದೆ.

“ಸ್ಫಟಿಕದ ಹಾಗಿದೆಯಲ್ರೀ,” ಎಂದರು ಮೇಡಂ. “ಕೊಳಚೆ ಎಲ್ಲಿಂದ ಬರುತ್ತೆ?”

“ಹಾಸ್ಟೆಲ್‌ನಿಂದ ಮೇಡಂ. ಇನ್ನೂರು ಹುಡುಗರ ಸ್ನಾನದ ನೀರು, ಮೆಸ್ಸಿನ ಮುಸುರೆ, ಎಲ್ಲ ಇವೇ ನುಂಗೋದು.”

“ಇವತ್ತೂ ನುಂಗಿದ್ವಾ?”

“ಈಗಷ್ಟೇ ಮೇಡಂ. ತೇಗಿದ್ದೂ ಕೇಳಿಸ್ತು.”

“ದಸರಾ ರಜಕ್ಕೆ ಹಾಸ್ಟೆಲ್ಲಿಗೆ ಬೀಗ ಹಾಕಿ ಹದಿನೈದು ದಿನ ಆಯ್ತಂತಲ್ಲಪ್ಪ.”

ನಾನು ಲೋಟ ಕೆಳಗಿಟ್ಟೆ.

“ಇದು ತೊಟ್ಟಿಗೆ ನಾನೇ ತುಂಬಿಸಿದ ನಲ್ಲಿ ನೀರು ಮೇಡಂ. ಅವು ಹಸಿವಿನಿಂದ ಸತ್ತು ವಾರ ಆಯ್ತು.”